ಅಕ್ಕನ ಪ್ರಿಂಟರ್, ನಾನು ಓದದೆ ಒತ್ತಿದ 'ವೈ'

ಶನಿವಾರ ಸಂಜೆ ಆರೂವರೆ. ತುಮಕೂರಿನ ಮನೆಯಲ್ಲಿ ಆಫೀಸ್ ಲ್ಯಾಪ್‌ಟಾಪ್ ಮುಚ್ಚಿಟ್ಟು, ಇನ್ನೇನು ಕಾಫಿ ಲೋಟ ಕೈಗೆ ತಗೋಬೇಕು, ಗುಬ್ಬಿಯಿಂದ ಅಕ್ಕನ ಫೋನ್.

"ಲೋ, ಹೊಸ ಪ್ರಿಂಟರ್ ಕೈ ಕೊಡ್ತು ಕಣೋ. ಅಟ್ಟದ ಮೇಲಿದ್ದ ಹಳೇ ಲೇಸರ್ ಪ್ರಿಂಟರ್ ಇಳಿಸಿ ಹಾಕಿದ್ರೆ ಕಂಪ್ಯೂಟರ್ ಅದನ್ನ ಗುರ್ತೇ ಹಿಡೀತಿಲ್ಲ. ಸೋಮವಾರ ಬೆಳಿಗ್ಗೆ ಹುಡುಗ್ರೆಲ್ಲ ಸ್ಕಾಲರ್‌ಶಿಪ್ ಅರ್ಜಿ ಪ್ರಿಂಟ್ ತಗೊಂಡು ಕಾಲೇಜಿಗೆ ಕೊಡ್ಬೇಕಂತೆ. ನಿನ್ ಮಾತು ಕೇಳಿ ಆ ಲಿನಕ್ಸೋ ಗಿನಕ್ಸೋ ಹಾಕಿಸ್ಕೊಂಡೆ ನೋಡು!"

ಕೊನೆಯ ಮಾತು ಚುಚ್ಚಿತು. ಯಾಕೆಂದರೆ ಅದು ನಿಜ.

ಅಕ್ಕನದು ಪುಟ್ಟ ಜೆರಾಕ್ಸ್ ಅಂಗಡಿ. ಮಹಿಳಾ ಸಂಘದಲ್ಲಿ ಸಾಲ ತೆಗೆದು ಜೆರಾಕ್ಸ್ ಮಷೀನ್ ತಗೊಂಡಿದ್ದಾಳೆ, ತಿಂಗಳು ತಿಂಗಳು ಕಂತು ಕಟ್ಟಬೇಕು. ಕಂಪ್ಯೂಟರ್ ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸೆಕ್ಯುರಿಟಿ ಅಪ್‌ಡೇಟ್ ನಿಂತಾಗ ಅದಕ್ಕೆ ವಿಂಡೋಸ್ 11 ಹಾಕುವ ಯೋಗ್ಯತೆ ಇರಲಿಲ್ಲ. ಹೊಸ ಕಂಪ್ಯೂಟರಿಗೆ ದುಡ್ಡಿರಲಿಲ್ಲ. "ಲಿನಕ್ಸ್ ಮಿಂಟ್ ಹಾಕ್ತೀನಿ ಅಕ್ಕ, ಒಂದ್ ರೂಪಾಯಿ ಖರ್ಚಿಲ್ಲ" ಅಂತ ಎದೆ ತಟ್ಟಿ ಹೇಳಿದ್ದವನು ನಾನೇ.

ಕಾಫಿ ಅಲ್ಲೇ ಬಿಟ್ಟು ಬೈಕ್ ತೆಗೆದೆ. ತುಮಕೂರಿನಿಂದ ಗುಬ್ಬಿ ಇಪ್ಪತ್ತು ಕಿಲೋಮೀಟರ್ ಅಷ್ಟೆ. ದಾರಿಯುದ್ದಕ್ಕೂ 'ಹತ್ತು ನಿಮಿಷದ ಕೆಲಸ' ಅಂದುಕೊಂಡೇ ಹೋದೆ. ಮನೆಗೆ ವಾಪಸ್ ಬಂದಾಗ ರಾತ್ರಿ ಒಂದು ಗಂಟೆ.

ಹೋದ ಸಲ ಈ ಅಂಕಣದಲ್ಲಿ ಪಾಸ್‌ವರ್ಡ್ ಬಗ್ಗೆ ಬರೆದಿದ್ದೆ. ಈ ಸಲ ಆ ರಾತ್ರಿಯ ಕಥೆ. ಲಿನಕ್ಸ್ ಹಾಕಿಕೊಂಡ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ.

ಮುದ್ದೆ, ರಾಗಿ, ಮಿಲ್ಲು, ಕರೆಂಟು

ಪ್ರಿಂಟರ್ ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿಕೊಂಡೆ. ಎರಡು ಡೆಬ್ ಫೈಲುಗಳು. ಡೆಬ್ ಅಂದರೆ ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಸಾಫ್ಟ್‌ವೇರ್ ತುಂಬಿ ಕಳಿಸುವ ಡಬ್ಬ. ಟರ್ಮಿನಲ್ ತೆಗೆದು ಹಳೇ ಅಭ್ಯಾಸದಂತೆ ಡಿಪಿಕೆಜಿ ಕಮಾಂಡಿನಲ್ಲಿ ಕೈಗೆ ಸಿಕ್ಕ ಫೈಲನ್ನು ಮೊದಲು ಹಾಕಿದೆ. ಬಂತು ನೋಡಿ: 'ಡಿಪೆಂಡೆನ್ಸಿ ಪ್ರಾಬ್ಲಮ್ಸ್ ಪ್ರಿವೆಂಟ್ ಕಾನ್ಫಿಗರೇಶನ್.'

ಅಕ್ಕ ಹಿಂದೆ ನಿಂತು, "ಏನಂತೆ ಅದು?" ಅಂದಳು.

"ಮುದ್ದೆ ಮಾಡೋಕೆ ರಾಗಿ ಹಿಟ್ಟು ಬೇಕು ತಾನೆ? ಹಿಟ್ಟಿಗೆ ಮಿಲ್ಲು ಬೇಕು, ಮಿಲ್ಲಿಗೆ ಕರೆಂಟ್ ಬೇಕು. ಕರೆಂಟ್ ಹೋದ್ರೆ ರಾತ್ರಿ ಮುದ್ದೆ ಇಲ್ಲ. ಹಂಗೇ ಈ ಡ್ರೈವರ್‌ಗೂ ಬೇರೆ ಏನೋ ಬೇಕಂತೆ, ಅದು ಇಲ್ವಂತೆ."

ಲಿನಕ್ಸ್‌ನಲ್ಲಿ ಪ್ರತಿ ಸಾಫ್ಟ್‌ವೇರೂ ಎಲ್ಲವನ್ನೂ ತಾನೇ ಹೊತ್ತು ತರುವುದಿಲ್ಲ. ಚಿತ್ರ ತೋರಿಸುವ ಲೈಬ್ರರಿ, ಫಾಂಟ್ ಓದುವ ಲೈಬ್ರರಿ, ನೆಟ್ ಮಾತಾಡುವ ಲೈಬ್ರರಿ, ಎಲ್ಲ ಒಂದೊಂದೇ ಇರುತ್ತವೆ, ಎಲ್ಲರೂ ಹಂಚಿಕೊಂಡು ಬಳಸುತ್ತಾರೆ. ಜಾಗ ಉಳಿಯುತ್ತದೆ. ಒಂದರಲ್ಲಿ ತೂತು ಸಿಕ್ಕರೆ ಅದೊಂದನ್ನು ಸರಿ ಮಾಡಿದರೆ ಸಾಕು, ಎಲ್ಲರಿಗೂ ಸರಿಹೋಗುತ್ತದೆ. ಅದಕ್ಕೇ ಪ್ರತಿ ಡಬ್ಬದ ಮೇಲೂ 'ನನಗೆ ಇಂತಿಂಥವು, ಇಂತಿಂಥ ವರ್ಷನ್ ಬೇಕು' ಅನ್ನುವ ಪಟ್ಟಿ ಅಂಟಿಸಿರುತ್ತಾರೆ. ಆ ಪಟ್ಟಿಯೇ ಡಿಪೆಂಡೆನ್ಸಿ.

ನನ್ನ ಮೊದಲ ತಪ್ಪು ಡಿಪಿಕೆಜಿ ಬಳಸಿದ್ದು. ಅದು ಕೂಲಿ ಆಳಿನ ಥರ. ಕೊಟ್ಟ ಡಬ್ಬ ಬಿಚ್ಚುತ್ತದೆ, ಜೋಡಿಸುತ್ತದೆ, ಏನಾದರೂ ಕಮ್ಮಿ ಇದ್ದರೆ 'ಇಲ್ಲ' ಅನ್ನುತ್ತದೆ. ತರೋಕೆ ಪೇಟೆಗೆ ಹೋಗುವುದಿಲ್ಲ. ಹೋಗುವುದು ಆಪ್ಟ್. ಅದು ಮದುವೆ ಮನೆಯ ಯಜಮಾನನ ಥರ. ಏನು ಬೇಕು ಅಂತ ಪಟ್ಟಿ ಮಾಡಿ, ನೆಟ್‌ನಲ್ಲಿರುವ ರೆಪಾಸಿಟರಿ ಎಂಬ ಉಗ್ರಾಣದಿಂದ ತರಿಸಿ, ಯಾವುದು ಮೊದಲು ಯಾವುದು ಆಮೇಲೆ ಅಂತ ನೋಡಿ ಕೂರಿಸುತ್ತದೆ. 1999ರ ಡೆಬಿಯನ್ 2.1ರಿಂದ ಅದು ಈ ಕೆಲಸ ಮಾಡಿಕೊಂಡು ಬಂದಿದೆ. ಅದಕ್ಕೂ ಮುಂಚೆ ಒಂದೊಂದು ಲೈಬ್ರರಿಯನ್ನೂ ಕೈಯಲ್ಲೇ ಹುಡುಕಿ ಹಾಕುವ ಗೋಳಿಗೆ 'ಡಿಪೆಂಡೆನ್ಸಿ ನರಕ' ಅಂತಲೇ ಹೆಸರಿತ್ತು.

ಆಪ್ಟ್‌ಗೆ ಎರಡೂ ಫೈಲನ್ನು ಒಟ್ಟಿಗೆ ಕೊಟ್ಟೆ. ಫೈಲ್ ಹೆಸರಿನ ಮುಂದೆ ಚುಕ್ಕಿ ಮತ್ತು ಅಡ್ಡಗೆರೆ ಹಾಕಬೇಕು, ಇಲ್ಲದಿದ್ದರೆ ಅದು ನಿಮ್ಮ ಫೈಲ್ ಬಿಟ್ಟು ಉಗ್ರಾಣದಲ್ಲಿ ಹುಡುಕುತ್ತದೆ. ಸರಸರ ಅಂತ ಇನ್‌ಸ್ಟಾಲ್ ಆಯ್ತು. ಅಕ್ಕನ ಮುಖ ಅರಳಿತು. ಪ್ರಿಂಟ್ ಕೊಟ್ಟೆ.

ಪ್ರಿಂಟರ್ ಸುಮ್ಮನೆ ಕೂತಿತ್ತು.

ಫೈಲ್ ಇದೆ, ಆದರೆ ಇಲ್ಲವಂತೆ

ಡ್ರೈವರ್ ಒಳಗಿನ ಒಂದು ಪ್ರೋಗ್ರಾಮನ್ನು ನೇರವಾಗಿ ಓಡಿಸಿ ನೋಡಿದೆ. 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅಂತು. ಫೈಲ್ ಕಣ್ಣೆದುರೇ ಇದೆ! ಎರಡು ಸಲ, ಮೂರು ಸಲ ನೋಡಿದೆ. ಇದೆ. ಓಡಿಸಿದರೆ ಇಲ್ಲ ಅನ್ನುತ್ತೆ.

ಈ ಮೆಸೇಜ್ ಎಂಥವರ ತಲೆಯನ್ನೂ ಕೆಡಿಸುತ್ತದೆ. ಇಲ್ಲದ್ದು ಆ ಫೈಲ್ ಅಲ್ಲ, ಅದನ್ನು ಓಡಿಸಬೇಕಾದ ಲೋಡರ್. ಡ್ರೈವರ್ ಹಳೇ ಕಾಲದ್ದು, 32 ಬಿಟ್‌ಗೆ ಬರೆದದ್ದು. ಅಕ್ಕನ ಲಿನಕ್ಸ್ 64 ಬಿಟ್. 32 ಬಿಟ್ ಲೈಬ್ರರಿಗಳು ಅದರಲ್ಲಿ ಇರಲೇ ಇಲ್ಲ. ಡ್ರೈವರ್ ಮಾಡಿದವರು ಡಬ್ಬದ ಮೇಲಿನ ಪಟ್ಟಿಯಲ್ಲಿ ಅವನ್ನು ಬರೆದೂ ಇರಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಆಪ್ಟ್ ಪಾಪ ಹೇಗೆ ತರುತ್ತೆ?

ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆಗ ಗಂಟೆ ಎಂಟೂವರೆ. ಭಾವ ಎರಡು ಸಲ ಬಂದು, "ಆಗುತ್ತಾ? ಇಲ್ಲ ತುಮಕೂರಿಂದ ಯಾರದಾದ್ರೂ ಪ್ರಿಂಟರ್ ತರಿಸ್ಲಾ?" ಅಂತ ಕೇಳಿ ಹೋಗಿದ್ದರು. ಇಂಜಿನಿಯರ್ ಮರ್ಯಾದೆ ಪ್ರಶ್ನೆ! ಮೊಬೈಲಿನಲ್ಲಿ ಹುಡುಕಿದೆ. ಯಾರೋ ಯಾವತ್ತೋ ಬರೆದಿದ್ದ ನಾಲ್ಕು ಸಾಲು ಕಮಾಂಡ್ ಸಿಕ್ಕಿತು. ಹಳೇ ಉಬುಂಟುವಿನ ರೆಪಾಸಿಟರಿ ಸೇರಿಸು, ಅದರಿಂದ ಇಂಥ ವರ್ಷನ್‌ನದೇ 32 ಬಿಟ್ ಲೈಬ್ರರಿ ಹಾಕು ಅಂತಿತ್ತು. ಹಾಗೇ ಬರೆದೆ.

ಆಪ್ಟ್ ಉದ್ದದ ಪಟ್ಟಿ ತೋರಿಸಿತು. ಕೊನೆಯಲ್ಲಿ 'ಮುಂದುವರಿಯಲಾ? ವೈ ಅಥವಾ ಎನ್' ಅಂತ ಕೇಳಿತು. ಪಟ್ಟಿ ಓದಲಿಲ್ಲ. ವೈ ಒತ್ತಿದೆ.

ಪಟ್ಟಿಯ ಮಧ್ಯದಲ್ಲಿ ಒಂದು ಸಾಲಿತ್ತು: 'ಈ ಕೆಳಗಿನ ಪ್ಯಾಕೇಜುಗಳನ್ನು ತೆಗೆದುಹಾಕಲಾಗುವುದು.' ಅದರ ಕೆಳಗೆ ಅಕ್ಕನ ಇಡೀ ಡೆಸ್ಕ್‌ಟಾಪ್ ಇತ್ತು.

ರೀಸ್ಟಾರ್ಟ್ ಮಾಡಿದೆ. ಕಪ್ಪು ಪರದೆ, ಒಂದು ಬಿಳಿ ಗೆರೆ ಮಿಣುಕ್ ಮಿಣುಕ್. ಅಕ್ಕ ಏನೂ ಅನ್ನಲಿಲ್ಲ. ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತಳು. ಬೈದಿದ್ದರೇ ಚೆನ್ನಾಗಿರೋದು.

"ಮದುವೆ ಕಾರ್ಡು, ಬಾಂಡ್ ಪೇಪರ್ ಫಾರ್ಮ್ಯಾಟು ಎಲ್ಲ ಅದರಲ್ಲೇ ಇತ್ತಲ್ಲೋ" ಅಂದಳು ನಿಧಾನಕ್ಕೆ.

ನಾನೊಬ್ಬನೇ ಅಲ್ಲ, ಆದರೂ

2021ರ ನವೆಂಬರ್‌ನಲ್ಲಿ ಕೆನಡಾದ ಪ್ರಸಿದ್ಧ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್, ಪಾಪ್ ಓಎಸ್ ಅನ್ನುವ ಲಿನಕ್ಸ್‌ನಲ್ಲಿ ಸ್ಟೀಮ್ ಗೇಮ್ ಆಪ್ ಹಾಕಲು ಹೋಗಿ ಹೀಗೇ ಡೆಸ್ಕ್‌ಟಾಪ್ ಕಳಕೊಂಡಿದ್ದರು. ಆಪ್ಟ್ ಅವರನ್ನು ಎಚ್ಚರಿಸಿತ್ತು. 'ಎಸ್, ಡೂ ಆ್ಯಸ್ ಐ ಸೇ!' ಅಂತ ಇಡೀ ವಾಕ್ಯ ಟೈಪ್ ಮಾಡಿಸಿಕೊಂಡಿತ್ತು. ಅವರು ಟೈಪ್ ಮಾಡಿದರು. ಆ ವಿಡಿಯೋ ಲಕ್ಷಾಂತರ ಜನ ನೋಡಿದರು, ನಾನೂ ನೋಡಿ ನಕ್ಕಿದ್ದೆ. ಆಮೇಲೆ ಆಪ್ಟ್ ಮಾಡುವವರು ಅತಿ ಅಗತ್ಯದ ಪ್ಯಾಕೇಜುಗಳನ್ನು ಅಷ್ಟು ಸುಲಭವಾಗಿ ತೆಗೆಯಲು ಬಿಡದಂತೆ ಬದಲಾಯಿಸಿದರು. ನನ್ನ ಕೇಸಿನಲ್ಲಿ ಅಂಥ ತಡೆ ಬರಲಿಲ್ಲ. ಬರೀ ವೈ, ಎನ್ ಕೇಳಿತು.

ಎರಡೂ ಕಡೆ ಮೂಲ ಒಂದೇ. ಒಂದೇ ಲೈಬ್ರರಿಯ 32 ಬಿಟ್ ಮತ್ತು 64 ಬಿಟ್ ಪ್ರತಿಗಳು ಜೊತೆಗಿರಬೇಕಾದರೆ ಎರಡರದೂ ಒಂದೇ ವರ್ಷನ್ ಇರಬೇಕು. ನಾನು ಹಳೇ ವರ್ಷನ್ನೇ ಬೇಕು ಅಂತ ಹಟ ಹಿಡಿದೆ. ಹೊಸದನ್ನು ನಂಬಿಕೊಂಡಿದ್ದ ಡೆಸ್ಕ್‌ಟಾಪ್‌ಗೆ ಜಾಗ ಉಳಿಯಲಿಲ್ಲ. ಆಪ್ಟ್ ನಾನು ಹೇಳಿದ್ದನ್ನೇ ಮಾಡಿತು.

ಕಪ್ಪು ಪರದೆಯಿಂದ ವಾಪಸ್

ಮೊದಲು ಸಮಾಧಾನದ ಸುದ್ದಿ. ಪ್ಯಾಕೇಜ್ ಹೋದರೆ ನಿಮ್ಮ ಫೈಲ್ ಹೋಗುವುದಿಲ್ಲ. ಅಕ್ಕನ ಮದುವೆ ಕಾರ್ಡುಗಳೆಲ್ಲ 'ಹೋಮ್' ಫೋಲ್ಡರಿನಲ್ಲಿ ಹಾಗೇ ಇದ್ದವು. ಕಪ್ಪು ಪರದೆಯಲ್ಲೇ ಲಾಗಿನ್ ಆಗಿ ಮೊದಲು ಅದನ್ನು ಅವಳಿಗೆ ತೋರಿಸಿದೆ. ಆಮೇಲೆ ಅವಳು ಎದ್ದುಹೋಗಿ ಇಬ್ಬರಿಗೂ ಟೀ ತಂದಳು.

ಎರಡನೆಯದು, ಆಪ್ಟ್ ತಾನು ಮಾಡಿದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತದೆ. 'ವಾರ್' ಒಳಗೆ 'ಲಾಗ್', ಅದರೊಳಗೆ 'ಆಪ್ಟ್', ಅಲ್ಲಿ 'ಹಿಸ್ಟರಿ ಡಾಟ್ ಲಾಗ್' ಅನ್ನುವ ಫೈಲ್. ಯಾವ ಹೊತ್ತಿಗೆ ಯಾವ ಕಮಾಂಡ್ ಕೊಟ್ಟಿರಿ, ಏನು ಬಂತು, ಏನು ಹೋಯಿತು, ಎಲ್ಲ ಅದರಲ್ಲಿರುತ್ತದೆ. ನನ್ನ ಪಾಪದ ಪೂರ್ತಿ ಲೆಕ್ಕ ಅಲ್ಲಿತ್ತು.

ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ. ಪುಣ್ಯಕ್ಕೆ ನೆಟ್‌ವರ್ಕ್ ಮ್ಯಾನೇಜರ್ ಹೋಗಿರಲಿಲ್ಲ. ಮೊದಲು ಆ ಹಳೇ ರೆಪಾಸಿಟರಿ ಕಿತ್ತೆಸೆದೆ. ಆಮೇಲೆ ಅಪ್‌ಡೇಟ್, ಅಂದರೆ ಉಗ್ರಾಣದ ಪಟ್ಟಿಯನ್ನು ಹೊಸದಾಗಿ ತರಿಸುವುದು. ಡೈರಿಯಲ್ಲಿ 'ರಿಮೂವ್' ಎಂದಿದ್ದನ್ನು ನೋಡಿಕೊಂಡು ಮತ್ತೆ ಇನ್‌ಸ್ಟಾಲ್. ಹತ್ತೂವರೆಗೆ ಡೆಸ್ಕ್‌ಟಾಪ್ ವಾಪಸ್ ಬಂತು. ವಾಲ್‌ಪೇಪರಿನಲ್ಲಿ ಅಕ್ಕನ ಮಗಳ ಫೋಟೋ ಹಾಗೇ ಇತ್ತು.

ಈಗ ಸರಿಯಾದ ದಾರಿ. '32 ಬಿಟ್ ಪ್ಯಾಕೇಜುಗಳನ್ನೂ ಪರಿಗಣಿಸು' ಅಂತ ಡಿಪಿಕೆಜಿಗೆ ಹೇಳಬೇಕು. ಅದಕ್ಕೆ 'ಆಡ್-ಆರ್ಕಿಟೆಕ್ಚರ್ ಐ386' ಅನ್ನುವ ಆಯ್ಕೆ ಇದೆ. ಮತ್ತೆ ಅಪ್‌ಡೇಟ್. ಆಮೇಲೆ ಬೇಕಾದ ಲೈಬ್ರರಿಯ ಹೆಸರಿನ ಕೊನೆಗೆ 'ಐ386' ಸೇರಿಸಿ ಆಪ್ಟ್‌ನಲ್ಲೇ ಕೇಳುವುದು. ಯಾವ ಲೈಬ್ರರಿ ಬೇಕು ಅಂತ ಹೇಗೆ ಗೊತ್ತಾಗುತ್ತೆ? ಎಲ್‌ಡಿಡಿ ಅನ್ನುವ ಕಮಾಂಡ್ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನೆಲ್ಲ ಸಾಲಾಗಿ ತೋರಿಸುತ್ತದೆ, ಸಿಗದ್ದರ ಮುಂದೆ 'ನಾಟ್ ಫೌಂಡ್' ಅಂತ ಬರೆಯುತ್ತದೆ. ಆ ಫೈಲ್ ಯಾವ ಪ್ಯಾಕೇಜಿನಲ್ಲಿದೆ ಅಂತ ಆಪ್ಟ್-ಫೈಲ್ ಅನ್ನುವ ಇನ್ನೊಂದು ಸಲಕರಣೆ ಹುಡುಕಿಕೊಡುತ್ತದೆ. ಈ ಸಲ ಪಟ್ಟಿ ಬಂದಾಗ ಒಂದೊಂದೇ ಸಾಲು ಜೋರಾಗಿ ಓದಿದೆ. ತೆಗೆಯುವುದು ಸೊನ್ನೆ. ವೈ.

ಹನ್ನೊಂದು ದಾಟಿತ್ತು. ಪ್ರಿಂಟರ್ ಕರಕರ ಅಂತು. ಮೊದಲ ಹಾಳೆ ಬಿಸಿಬಿಸಿಯಾಗಿ ಹೊರಬಂತು.

ಪರದೆ ಮೇಲೆ ನಮ್ಮೂರು

ಹೊರಡುವ ಮುಂಚೆ, ಕನ್ನಡ ಫಾಂಟುಗಳು ಎಲ್ಲ ಇವೆಯಾ ನೋಡೋಣ ಅಂತ 'ಫಾಂಟ್ಸ್-ಕೆಎನ್‌ಡಿಎ' ಅನ್ನುವ ಪ್ಯಾಕೇಜ್ ಕೇಳಿದೆ. ಅಕ್ಕ ಪರದೆ ನೋಡಿ ಕೂಗಿದಳು, "ಏ, ನಮ್ಮೂರ ಹೆಸರು!"

ಪಟ್ಟಿಯಲ್ಲಿ 'ಫಾಂಟ್ಸ್-ಗುಬ್ಬಿ' ಇತ್ತು. ಪಕ್ಕದಲ್ಲೇ 'ಫಾಂಟ್ಸ್-ನವಿಲು'. ನವಿಲು ಪಕ್ಕದಲ್ಲಿರೋದು ನೋಡಿದರೆ ಇದು ಹಕ್ಕಿ ಗುಬ್ಬಿಯೇ ಇರಬೇಕು, ಊರಲ್ಲ. ಆದರೆ ಅಕ್ಕನಿಗೆ ಹಾಗೆ ಹೇಳೋಕೆ ಮನಸ್ಸು ಬರಲಿಲ್ಲ. ಎರಡೂ ಕನ್ನಡದ ಮುಕ್ತ ಫಾಂಟುಗಳು, ನವಿಲು ಕೈಬರಹದ ಥರ ಇರುವಂಥದ್ದು.

ಡಿಪೆಂಡೆನ್ಸಿ ಅಂದರೇನು ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಫಾಂಟ್ಸ್-ಕೆಎನ್‌ಡಿಎ ಡಬ್ಬದೊಳಗೆ ಒಂದು ಅಕ್ಷರವೂ ಇಲ್ಲ, ಖಾಲಿ. ಅದರ ಮೇಲಿನ ಪಟ್ಟಿಯಲ್ಲಿ 'ನನಗೆ ಗುಬ್ಬಿ ಬೇಕು, ನವಿಲು ಬೇಕು' ಅಂತಿದೆ, ಅಷ್ಟೆ. ನೀವು ಒಂದನ್ನು ಕೇಳಿದರೆ ಎಲ್ಲ ಬರುತ್ತವೆ.

ಗುಬ್ಬಿ ಅಂದಮೇಲೆ ಗುಬ್ಬಿ ಕಂಪನಿ ನೆನಪಾಗದೆ ಇರುತ್ತಾ? 1884ರಲ್ಲಿ ಶುರುವಾಗಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ಬೆಳೆದ ನಾಟಕ ಕಂಪನಿ. ಪರದೆ, ವೇಷ, ಸಂಗೀತದವರು ಎಲ್ಲರನ್ನೂ ಕಟ್ಟಿಕೊಂಡು ಊರೂರಿಗೆ ಹೋಗುತ್ತಿತ್ತು. ಹೋದ ಊರಿನಲ್ಲಿ ಏನಿದೆ, ಏನಿಲ್ಲ ಅಂತ ಕಾಯುವಂತಿರಲಿಲ್ಲ. ಲಿನಕ್ಸ್‌ನಲ್ಲಿ ಈಗ ಫ್ಲಾಟ್‌ಪ್ಯಾಕ್, ಸ್ನ್ಯಾಪ್, ಆಪ್‌ಇಮೇಜ್ ಅಂತ ಇವೆಯಲ್ಲ, ಅವು ಈ ಕಂಪನಿ ನಾಟಕದ ಥರ. ಬೇಕಾದ ಲೈಬ್ರರಿಗಳಲ್ಲಿ ಬಹುಪಾಲು ಜೊತೆಗೇ ಬರುತ್ತವೆ. ಗಾತ್ರ ದೊಡ್ಡದು, ತಲೆನೋವು ಕಮ್ಮಿ. ಮಾಮೂಲಿ ಆಪ್ ಬೇಕಾದರೆ ಅಲ್ಲಿ ಸಿಗುತ್ತಾ ಅಂತ ಮೊದಲು ನೋಡಿ. ಆದರೆ ನಮ್ಮ ಪ್ರಿಂಟರಿನಂಥ ಹಳೇ ಡ್ರೈವರ್‌ಗೆ ಈ ದಾರಿ ಇರಲಿಲ್ಲ.

ಮೆಸೇಜ್ ಹೇಳೋದು ಏನು?

ಆ ರಾತ್ರಿಯ ನಂತರ ಒಂದು ಹಾಳೆ ಬರೆದು ಅಕ್ಕನ ಅಂಗಡಿ ಗೋಡೆಗೆ ಅಂಟಿಸಿದೆ. ನೀವೂ ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಒಂದು: 'ಈಸ್ ನಾಟ್ ಇನ್‌ಸ್ಟಾಲ್ಡ್' ಅಂತ ಡಿಪಿಕೆಜಿ ಹೇಳಿದರೆ, ವಸ್ತು ಮನೆಗೆ ಬಂದಿಲ್ಲ ಅಷ್ಟೆ. 'ಆಪ್ಟ್ ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಕೊಟ್ಟರೆ ಸಾಮಾನ್ಯವಾಗಿ ತಂದು ಕೂರಿಸುತ್ತದೆ.

ಎರಡು: 'ನಾಟ್ ಇನ್‌ಸ್ಟಾಲಬಲ್' ಅಂದರೆ, ನಿಮಗೆ ಗೊತ್ತಿರುವ ಯಾವ ಉಗ್ರಾಣದಲ್ಲೂ ಅದು ಇಲ್ಲ. ಅಪ್‌ಡೇಟ್ ಮಾಡಿದ್ದೀರಾ? ರೆಪಾಸಿಟರಿ ಟಿಕ್ ಆಗಿದೆಯಾ? 32 ಬಿಟ್ ಬೇಕಿತ್ತಾ? ಅಥವಾ ಪ್ಯಾಕೇಜೇ ನಿಮ್ಮ ವರ್ಷನ್‌ಗಿಂತ ಹಳೆಯ ಲಿನಕ್ಸ್‌ಗೆ ಮಾಡಿದ್ದಾ?

ಮೂರು: 'ನಾಟ್ ಗೋಯಿಂಗ್ ಟು ಬಿ ಇನ್‌ಸ್ಟಾಲ್ಡ್' ಅಂದರೆ, ವಸ್ತು ಇದೆ, ಆದರೆ ಮನೆಯಲ್ಲಿರುವ ಇನ್ಯಾರದೋ ಜೊತೆ ಅದಕ್ಕೆ ಆಗಿಬರುವುದಿಲ್ಲ. ಜಗಳ ಯಾರ ಜೊತೆ ಅಂತ ಹುಡುಕಿ. ಆ ಹೆಸರನ್ನೇ ಬಿಡಿಯಾಗಿ ಇನ್‌ಸ್ಟಾಲ್ ಮಾಡಲು ಹೋದರೆ ಅದರ ಹಿಂದಿನ ಕಾರಣ ಬಾಯಿಬಿಡುತ್ತದೆ.

ನಾಲ್ಕು: ಪಟ್ಟಿಯಲ್ಲಿ 'ರಿಮೂವ್' ಕಂಡರೆ ಕೈ ಕೀಬೋರ್ಡಿನಿಂದ ತೆಗೆಯಿರಿ. ಪೂರ್ತಿ ಓದಿ. ಅರ್ಥವಾಗದಿದ್ದರೆ ಎನ್.

ಐದು: 'ಫೋರ್ಸ್' ಅನ್ನುವ ಪದವಿರುವ ಕಮಾಂಡ್ ಯಾರೇ ಹೇಳಿದರೂ ಹಾಕಬೇಡಿ. ನಾನು ಹೇಳಿದರೂ.

ಕುಣಿಗಲ್‌ನಲ್ಲಿ ಎರಡನೇ ಪಾಠ

ಇಷ್ಟೆಲ್ಲ ಕಲಿತೆ ಅಂದುಕೊಂಡವನಿಗೆ ಮುಂದಿನ ತಿಂಗಳೇ ಇನ್ನೊಂದು ಪೆಟ್ಟು. ಇಂಜಿನಿಯರಿಂಗ್ ಗೆಳೆಯನೊಬ್ಬ ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಯಾರೋ ಕೊಟ್ಟ ಎಂಟು ಹಳೇ ಕಂಪ್ಯೂಟರ್ ಇವೆ, ಎಲ್ಲದರಲ್ಲೂ ಒಂದೇ ಲಿನಕ್ಸ್. ನೆಟ್ ಇಲ್ಲ. "ಮಗಾ, ಮಕ್ಕಳಿಗೆ ಜಿಕಾಂಪ್ರಿ, ಟಕ್ಸ್ ಪೇಂಟ್ ಹಾಕ್ಕೊಡೋ" ಅಂದ.

ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ 'ಡೌನ್‌ಲೋಡ್-ಓನ್ಲಿ' ಅಂತ ಕೊಟ್ಟು, ಬಂದ ಡೆಬ್ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಹೆಬ್ಬೂರು ದಾರಿ ಹಿಡಿದು ಹೋದೆ. ಅಲ್ಲಿ ಹಾಕಿದರೆ ಒಂದು ಡಜನ್ ಲೈಬ್ರರಿ ಇಲ್ಲ! ಯಾಕೆ ಅಂದರೆ ಅವು ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದವು. ನನ್ನ ಆಪ್ಟ್ ನನಗೆ ಕಮ್ಮಿ ಇದ್ದದ್ದನ್ನು ಮಾತ್ರ ತಂದಿತ್ತು. ಶಾಲೆಯ ಕಂಪ್ಯೂಟರಿಗೆ ಏನು ಕಮ್ಮಿ ಅಂತ ನಾನು ಅದನ್ನು ಕೇಳಲೇ ಇಲ್ಲ.

ಈ ಸಲ ಕೇಳಿದೆ. ಗೆಳೆಯನ ಮೊಬೈಲಿನ ಬಡಕಲು ಹಾಟ್‌ಸ್ಪಾಟಿನಲ್ಲಿ ಒಂದು ಕಂಪ್ಯೂಟರಿಗೆ ಅಪ್‌ಡೇಟ್ ಮಾತ್ರ ಮಾಡಿಸಿದೆವು. ಆಮೇಲೆ ಆಪ್ಟ್-ಗೆಟ್‌ಗೆ 'ಪ್ರಿಂಟ್-ಯುಆರ್‌ಐಸ್' ಆಯ್ಕೆ ಕೊಟ್ಟರೆ, ಅದು ಇನ್‌ಸ್ಟಾಲ್ ಮಾಡದೆ, ತನಗೆ ಬೇಕಾದ ಎಲ್ಲ ಫೈಲುಗಳ ವಿಳಾಸ ಬರೆದುಕೊಟ್ಟಿತು. ಆ ಪಟ್ಟಿ ಹಿಡಿದು ಕುಣಿಗಲ್ ಪಟ್ಟಣದ ಗೆಳೆಯನ ಮನೆಯಲ್ಲಿ ಡೌನ್‌ಲೋಡ್ ಮಾಡಿ, ಶಾಲೆಗೆ ವಾಪಸ್ ಹೋಗಿ ಎಂಟಕ್ಕೂ ಹಾಕಿದೆವು. ಇದೇ ಕೆಲಸ ಮಾಡೋಕೆ ಆಪ್ಟ್-ಆಫ್‌ಲೈನ್ ಅಂತ ಪ್ರತ್ಯೇಕ ಸಲಕರಣೆಯೂ ಇದೆ. ಪದೇ ಪದೇ ಹಾಕೋದಿದ್ದರೆ ಅದನ್ನೇ ಕಲಿಯಿರಿ.

ಕೊನೆಗೆ ಮಕ್ಕಳಿಗೆ 'ಆಪ್ಟ್ ಮೂ' ಅಂತ ಟೈಪ್ ಮಾಡೋಕೆ ಹೇಳಿಕೊಟ್ಟೆ. ಪರದೆ ಮೇಲೆ ಅಕ್ಷರಗಳಲ್ಲೇ ಬಿಡಿಸಿದ ಹಸು ಬರುತ್ತದೆ. ಜಿಕಾಂಪ್ರಿಗಿಂತ ಅದೇ ಹಿಟ್ ಆಯ್ತು.

ಕೊನೆಗೆ

ಗುಬ್ಬಿಯ ಆ ಭಾನುವಾರ ಅಕ್ಕ ಬೆಳಿಗ್ಗೆ ಏಳಕ್ಕೇ ಅಂಗಡಿ ತೆಗೆದಳಂತೆ. ಅರ್ಜಿಗಳೆಲ್ಲ ಪ್ರಿಂಟ್ ಆದವು. ನಾನು ನಿದ್ದೆ ಮಾಡುತ್ತಿದ್ದೆ.

ಈಗ ನನಗಿದ್ದ ಚಿಂತೆ ಒಂದೇ. ನಾನು ವಾರಕ್ಕೆ ಎರಡು ದಿನ ಬೆಂಗಳೂರಿಗೆ ಹೋಗುತ್ತೇನೆ. ನಾನಿಲ್ಲದಾಗ ಏನಾದರೂ ಆದರೆ ಅಂಗಡಿ ನಿಲ್ಲಬಾರದು. ಅದಕ್ಕೇ ಆ ಹಾಳೆ ಅಂಟಿಸಿದ್ದು, ಡ್ರೈವರ್ ಫೈಲುಗಳನ್ನೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದು.

ಹೋದ ವಾರ ಮೀಟಿಂಗ್‌ನಲ್ಲಿದ್ದೆ. ಅಕ್ಕನ ಎರಡು ಮಿಸ್ಡ್ ಕಾಲ್. ಎದೆ ಧಸಕ್ ಅಂತು. ಹೊರಗೆ ಬಂದು ಫೋನ್ ಮಾಡಿದೆ.

"ಏನಿಲ್ಲ ಕಣೋ, ಸ್ಕ್ಯಾನರ್‌ದು ಏನೋ ಹಾಕಕ್ಕೆ ಹೋದೆ. 'ನಾಟ್ ಇನ್‌ಸ್ಟಾಲಬಲ್' ಅಂತು. ಗೋಡೆ ನೋಡ್ದೆ, ಎರಡನೇದು. ಅಪ್‌ಡೇಟ್ ಮಾಡಿರ್ಲಿಲ್ಲ, ಮಾಡ್ದೆ. ಆಮೇಲೆ ಪಟ್ಟಿ ಬಂತು, ಪೂರ್ತಿ ಓದ್ದೆ, ರಿಮೂವ್ ಅಂತ ಏನೂ ಇರ್ಲಿಲ್ಲ. ವೈ ಒತ್ತಿದೆ. ಆಯ್ತು. ಅದನ್ನ ಹೇಳೋಣ ಅಂತ ಮಾಡಿದ್ದೆ ಅಷ್ಟೆ. ಊಟ ಆಯ್ತಾ?"